ವಾರ್‌ಹ್ಯಾಮರ್ ಕಥೆಯೋ, ಬ್ಯಾಟಲ್‌ಟೆಕ್ ಕಥೆಯೋ?

ಎರಡೂ ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ, ಭವಿಷ್ಯದ ಯುದ್ಧಗಳ ಆಟಗಳು. ಕುಂಬಳೆಯ ನಮ್ಮ ಮನೆ ಚಾವಡಿಯಲ್ಲಿ ಎರಡನ್ನೂ ಆಡಿದ್ದೇವೆ. ನಿಯಮಕ್ಕಿಂತ ಹಿನ್ನೆಲೆ ಕಥೆಗೇ ಪುಸ್ತಕ ಕೊಳ್ಳುವವರಿಗೆ ಇದು.

1987ರ ವಾರ್‌ಹ್ಯಾಮರ್ 40,000 ಯಕ್ಷಗಾನದ ಬಣ್ಣದ ವೇಷದ ಹಾಗೆ, ಅಬ್ಬರಿಸಿಕೊಂಡೇ ಬರುತ್ತದೆ. 10,000 ವರ್ಷದಿಂದ ಚಿನ್ನದ ಸಿಂಹಾಸನದಲ್ಲಿ ಸಾಯದೆ ಬದುಕದೆ ಕೂತ ಚಕ್ರವರ್ತಿ, ಅವನಿಗಾಗಿ ದಿನಕ್ಕೆ 1,000 ಜನರ ಬಲಿ: ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದೆ ಮಾತ್ರ ವೀರರ ಹೊಗಳಿಕೆ ಜಾಸ್ತಿ.

1984ರಲ್ಲಿ ಬೇರೆ ಹೆಸರಿನಿಂದ ಶುರುವಾದ ಬ್ಯಾಟಲ್‌ಟೆಕ್ ತಾಳಮದ್ದಳೆಯ ಹಾಗೆ. ವೇಷವಿಲ್ಲ, ಮಾತೇ ಎಲ್ಲ. ಐದು ರಾಜಮನೆತನಗಳು ಕಾದಾಡಿ ಕಾದಾಡಿ ಒಳಗೆ ಕೂತು ಓಡಿಸುವ ದೈತ್ಯ ಯುದ್ಧಯಂತ್ರ ಕಟ್ಟುವ ವಿದ್ಯೆಯನ್ನೇ ಬಹುಪಾಲು ಕಳೆದುಕೊಂಡಿವೆ, ಅದಕ್ಕೇ ಅಜ್ಜನ ಕಾಲದ ಯಂತ್ರವನ್ನು ಮೊಮ್ಮಗ ರಿಪೇರಿ ಮಾಡಿಕೊಂಡು ಓಡಿಸುತ್ತಾನೆ. ಆಟದಲ್ಲಿ ಅದರ ಒಂದು ಕೈ ಮುರಿದರೂ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಮೊದಲು ಇದನ್ನೇ ತಗೊಳ್ಳಿ.