ಸೆನ್ಸರ್ ಧೂಳಿಗೆ ಬ್ಲೋವರ್, ಜೆಲ್ ಸ್ಟಿಕ್, ಸ್ವಾಬ್, ಸರ್ವೀಸ್ ಸೆಂಟರ್: ನನಗೆ ಒಗ್ಗಿದ್ದು ಯಾವುದು

ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂತ ಧೂಳು ತೆಗೆಯುವುದು ಹೇಗೆ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ವಾಬ್‌ಗೆ, ಅಂದರೆ ದ್ರಾವಣ ಹಾಕಿ ಒರೆಸುವ ಕಡ್ಡಿಗೆ. ಒತ್ತಿ ಗಾಳಿ ಊದುವ ಬ್ಲೋವರ್ ಅದರ ಜೊತೆಗೆ ಇರಲೇಬೇಕು. ಜೆಲ್ ಸ್ಟಿಕ್‌ಗೆ ಕೊಟ್ಟ ದುಡ್ಡು ನೀರಿಗೆ ಹೋಯಿತು. ಸರ್ವೀಸ್ ಸೆಂಟರ್ ಒಳ್ಳೆಯದೇ, ಆದರೆ ಅದಿರುವುದು ಬೆಂಗಳೂರಿನಲ್ಲಿ, ನಾನಿರುವುದು ಹೊಸಪೇಟೆಯಲ್ಲಿ.

ನಮ್ಮ ಕಡೆ ಧೂಳಿಗೆ ಬರವಿಲ್ಲ. ಸಂಡೂರು ಕಡೆಯ ಅದಿರು ಲಾರಿಗಳ ಕೆಂಪು ಧೂಳು ಒಂದು, ಬೇಸಿಗೆ ಗಾಳಿ ಇನ್ನೊಂದು. ಹಂಪಿಗೆ ವೈಡ್ ಲೆನ್ಸ್ ಬೇಕು, ದರೋಜಿ ಕರಡಿಧಾಮದ ಕರಡಿಗೆ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಬೇಕು, ನನ್ನ ಹತ್ತಿರ ಇರುವುದು ಒಂದೇ ಕ್ಯಾಮೆರಾ. ಲೆನ್ಸ್ ಬದಲಿಸದೆ ಗತಿಯಿಲ್ಲ, ಧೂಳು ಒಳಗೆ ಹೋಗುವುದೇ ಆಗ. ಮೇಲಾಗಿ ಮತಂಗ ಬೆಟ್ಟದ ಮೇಲೆ ಸೂರ್ಯೋದಯ ತೆಗೆಯುವಾಗ ನಾನು ಎಫ್/16ಕ್ಕೆ ಹೋಗುತ್ತೇನೆ, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ರಂಧ್ರವನ್ನು ತೀರಾ ಚಿಕ್ಕದು ಮಾಡುತ್ತೇನೆ, ಧೂಳು ಎದ್ದು ಕಾಣುವುದೇ ಅಲ್ಲಿ. ರಂಧ್ರ ಚಿಕ್ಕದಾದಷ್ಟೂ ಧೂಳಿನ ನೆರಳು ಗಟ್ಟಿಯಾಗಿ ಬೀಳುತ್ತದೆ. ರಂಧ್ರ ದೊಡ್ಡದಿರುವ ಎಫ್/2.8ರಲ್ಲಿ ಅದೇ ಕಣ ಹರಡಿಕೊಂಡು ಮಾಯವಾಗುತ್ತದೆ. ಮದುವೆ ಫೋಟೋ ತೆಗೆಯುವ ನನ್ನ ಗೆಳೆಯ 'ನನ್ನ ಕ್ಯಾಮೆರಾದಲ್ಲಿ ಧೂಳೇ ಇಲ್ಲ ಮಾರಾಯ' ಅನ್ನುತ್ತಿದ್ದ. ಎಫ್/16ರಲ್ಲಿ ಒಂದು ಆಕಾಶ ತೆಗೆಸಿ ತೋರಿಸಿದೆ. ಸುಮ್ಮನಾದ.

ಧೂಳಿದೆಯೇ ಅಂತ ನೋಡುವುದು ಸುಲಭ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಕನಿಷ್ಠಕ್ಕೆ ಇಡಿ, ಎಫ್/16 ಅಥವಾ 22, ಫೋಕಸ್ ಬೇಕಂತಲೇ ತಪ್ಪಿಸಿ, ಖಾಲಿ ಆಕಾಶ ಅಥವಾ ಬಿಳಿ ಗೋಡೆಯ ಎರಡು ಫೋಟೋ ತೆಗೆಯಿರಿ, ನಡುವೆ ಕ್ಯಾಮೆರಾ ಸ್ವಲ್ಪ ಆ ಕಡೆ ಈ ಕಡೆ ಸರಿಸಿ. ಎರಡರಲ್ಲೂ ಒಂದೇ ಜಾಗದಲ್ಲಿರುವ ಚುಕ್ಕೆ ಸೆನ್ಸರಿನದು. ಫೋಟೋದಲ್ಲಿ ಮೇಲಿನ ಎಡ ಮೂಲೆಯಲ್ಲಿ ಚುಕ್ಕೆ ಇದ್ದರೆ, ಲೆನ್ಸ್ ತೆಗೆದು ಎದುರಿನಿಂದ ನೋಡುವಾಗ ಅದು ಕೆಳಗಿನ ಎಡ ಮೂಲೆಯಲ್ಲಿರುತ್ತದೆ. ಮೇಲೆ ಕೆಳಗೆ ಅದಲುಬದಲು, ಎಡ ಬಲ ಹಾಗೇ. ಇದು ಗೊತ್ತಿಲ್ಲದಿದ್ದರೆ ಇಲ್ಲದ ಕಡೆ ಉಜ್ಜುತ್ತಾ ಕೂರುತ್ತೀರಿ.

ಕ್ಯಾಮೆರಾ ತಾನೇ ಕಂಪಿಸಿ ಧೂಳು ಉದುರಿಸುವ ವ್ಯವಸ್ಥೆ 2003ರ ಒಲಿಂಪಸ್ ಇ-1ರಿಂದಲೇ ಇದೆ. ಇರಲಿ. ಹಗುರ ಧೂಳಿಗೆ ಸಾಕು, ಅಂಟಿಕೊಂಡದ್ದಕ್ಕೆ ಸಾಲದು.

ಬ್ಲೋವರ್ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ದೊಡ್ಡದೇ ಇರಲಿ, ಗಾಳಿ ಎಳೆದುಕೊಳ್ಳುವ ತೂತು ಹಿಂದೆ ಇರಲಿ, ಇಲ್ಲದಿದ್ದರೆ ಒಳಗಿನ ಧೂಳನ್ನೇ ಮೂತಿಯಿಂದ ಹೀರಿ ಮತ್ತೆ ಅಲ್ಲೇ ಊದುತ್ತದೆ. ಕ್ಯಾಮೆರಾದ ಬಾಯಿ ನೆಲಕ್ಕೆ ಮಾಡಿ ಊದಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಕಂಪ್ಯೂಟರ್‌ಗೆ ಹೊಡೆಯುವ ಗಾಳಿ ಡಬ್ಬಿ ಅಂತೂ ಹತ್ತಿರ ತರಬೇಡಿ, ಅದರೊಳಗಿನ ದ್ರವ ಚಿಮ್ಮಿದರೆ ಕಲೆ ಕೂರುತ್ತದೆ. ನನ್ನ ಚುಕ್ಕೆಗಳಲ್ಲಿ ಹೆಚ್ಚಿನವು ಬ್ಲೋವರ್‌ಗೇ ಹೋದವು. ಉಳಿದ ನಾಲ್ಕಾರೇ ತಲೆನೋವು.

ಅವಕ್ಕೆಂದೇ ಜೆಲ್ ಸ್ಟಿಕ್ ತರಿಸಿದ್ದು. ಕಡ್ಡಿಯ ತುದಿಗೆ ಪುಟ್ಟ ಮೆತ್ತನೆ ಚೌಕ. ಸೆನ್ಸರ್ ಮೇಲೆ ಮೆಲ್ಲಗೆ ಒತ್ತಿ ಎತ್ತುವುದು, ಜೊತೆಗೆ ಬಂದ ಅಂಟು ಕಾಗದಕ್ಕೆ ಒತ್ತಿ ಧೂಳು ಬಿಡಿಸುವುದು, ಮತ್ತೆ ಒತ್ತುವುದು. ದ್ರಾವಣ ಬೇಡ, ಮತ್ತೆ ಮತ್ತೆ ಬಳಸಬಹುದು, ವೀಡಿಯೋದಲ್ಲಂತೂ ನೋಡಲು ಎಷ್ಟು ಚೆಂದ. ಹೆಸರಾಂತ ಕಂಪನಿಯದು ದುಬಾರಿ, ನಾನು ತರಿಸಿದ್ದು ಹೆಸರಿಲ್ಲದ್ದು.

ಧೂಳು ಬಂತು, ಸುಳ್ಳು ಹೇಳುವುದಿಲ್ಲ. ಒತ್ತಿ ಎತ್ತಿದಾಗ ತುದಿಯಲ್ಲಿ ಕರಿ ಕಣ ಅಂಟಿದ್ದು ಕಾಣುತ್ತಿತ್ತು. ಆದರೆ ಎಫ್/16ರ ಆಕಾಶದಲ್ಲಿ ಚುಕ್ಕೆ ಹೋದ ಜಾಗದಲ್ಲಿ ಮಸುಕಾದ ಗೆರೆಗಳು ಬಂದಿದ್ದವು. ನೇರ ಗೆರೆ, ಮೂಲೆ ಸಮೇತ. ಜೆಲ್ಲಿನ ಅಂಚಿನ ಅಚ್ಚು ಅದು, ಸೀಲು ಹೊಡೆದ ಹಾಗೆ. ಮತ್ತೆ ಒತ್ತಿದರೆ ಪಕ್ಕದಲ್ಲಿ ಇನ್ನೊಂದು ಚೌಕ. ಬ್ಲೋವರ್‌ಗೆ ಅದು ಜಗ್ಗುವುದಿಲ್ಲ, ಯಾಕೆಂದರೆ ಅದು ಧೂಳಲ್ಲ, ಜಿಡ್ಡು. ಚುಕ್ಕೆಯನ್ನಾದರೆ ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ಕಿಗೆ ಅಳಿಸಬಹುದು, ಆಕಾಶದ ಉದ್ದಕ್ಕೂ ಹೋದ ಮಸುಕು ಗೆರೆಯನ್ನು ಅಳಿಸಿ ನೋಡಿ, ಗೊತ್ತಾಗುತ್ತದೆ.

ನಮ್ಮ ಏಪ್ರಿಲ್ ಬಿಸಿಲೂ ಸೇರಿತ್ತು ಅಂತ ನನ್ನ ಅನುಮಾನ. ಬ್ಯಾಗಿನಲ್ಲಿದ್ದ ಜೆಲ್ ಮುಟ್ಟಿದರೆ ಬೆರಳಿಗೆ ಹತ್ತುವಷ್ಟು ಮೆತ್ತಗಾಗಿತ್ತು. ಇನ್ನೊಂದು ರಗಳೆ, ನನ್ನ ಕ್ಯಾಮೆರಾದಲ್ಲಿ ನಡುಕ ತಡೆಯಲು ಸೆನ್ಸರೇ ಅಲ್ಲಾಡುತ್ತದೆ. ಜೆಲ್ ಎತ್ತಿದಾಗ ಸೆನ್ಸರ್ ಕೂಡ ಹಿಂದೆಯೇ ಎದ್ದು ಬರುವ ಹಾಗೆ ಎಳೆಯಿತು. ಎದೆ ಧಸಕ್ಕೆಂದಿತು. ಮಾರಿದವರನ್ನು ಕೇಳಿದರೆ ಬಳಸಿದ ಮಾಲು ವಾಪಸಿಲ್ಲ ಅಂದರು. ಅಸಲಿ ಜೆಲ್ ಇದಕ್ಕಿಂತ ವಾಸಿ ಇರಬಹುದು, ಆದರೆ ನಕಲಿಯ ಪಾಠ ಕಲಿತ ಮೇಲೆ ಅಸಲಿಗೆ ಇನ್ನಷ್ಟು ಸುರಿಯುವ ಮನಸ್ಸಿಲ್ಲ.

ಆ ಚೌಕಗಳನ್ನು ತೆಗೆದದ್ದು ಸ್ವಾಬ್. ನಾವು ಒರೆಸುವುದು ನಿಜವಾಗಿ ಸೆನ್ಸರನ್ನಲ್ಲ, ಅದರ ಮುಂದಿನ ಫಿಲ್ಟರ್ ಗಾಜನ್ನು. ಅದಕ್ಕೇ ತಕ್ಕಮಟ್ಟಿಗೆ ಧೈರ್ಯ. ಅಳತೆ ನೋಡಿ ತೆಗೆದುಕೊಳ್ಳಿ: ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ 24 ಮಿ.ಮೀ., ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿಗೆ 16 ಮಿ.ಮೀ. ಸ್ವಾಬಿನ ಅಗಲ ಸೆನ್ಸರಿನ ಎತ್ತರಕ್ಕೆ ಸಮ, ಒಂದೇ ಎಳೆತಕ್ಕೆ ಪೂರ್ತಿ ಮುಗಿಯುತ್ತದೆ. ಮೊದಲು ಬ್ಲೋವರ್ ಹೊಡೆಯಲೇಬೇಕು, ಮರಳಿನ ಕಣ ಉಳಿದಿದ್ದರೆ ಸ್ವಾಬ್ ಅದನ್ನೇ ಗಾಜಿನ ಮೇಲೆ ಎಳೆದಾಡುತ್ತದೆ. ತುದಿಗೆ ಎರಡು ಹನಿ ದ್ರಾವಣ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಎಳೆತ, ಮಗುಚಿ ವಾಪಸ್ ಒಂದು ಎಳೆತ, ಕಸದ ಬುಟ್ಟಿಗೆ. ಹನಿ ಜಾಸ್ತಿಯಾದರೆ ಒಣಗಿದ ಗೆರೆ ಉಳಿಯುತ್ತದೆ. ಕೆಲವೊಮ್ಮೆ ಧೂಳು ಅಂಚಿಗೆ ಹೋಗಿ ಗುಂಪಾಗುತ್ತದೆ, ಆಗ ಇನ್ನೊಂದು ಸ್ವಾಬ್ ಬಲಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ ಕ್ಯಾಮೆರಾದಲ್ಲಿ ನಡುವೆ ಚಾರ್ಜ್ ಮುಗಿದರೆ ಎತ್ತಿ ನಿಂತ ಕನ್ನಡಿ ಸ್ವಾಬಿನ ಮೇಲೇ ಬೀಳುತ್ತದೆ. ಕೆಲವು ದ್ರಾವಣ ಮೆಥನಾಲ್, ಬೆಂಕಿಯಿಂದ ದೂರವಿಡಿ.

ಜಿಡ್ಡಿನ ಕಲೆಗೆ ಒದ್ದೆ ಸ್ವಾಬೇ ಮದ್ದು. 2012ರಲ್ಲಿ ಬಂದ ನಿಕಾನ್ ಡಿ600 ನೆನಪಿದೆ ಅಲ್ವಾ? ಸೆನ್ಸರ್ ಮೇಲೆ ಚುಕ್ಕೆಗಳ ದೂರು ಎಷ್ಟಾಯಿತೆಂದರೆ ಕೊನೆಗೆ ಕಂಪನಿಯೇ ಪುಕ್ಕಟೆ ಶಟರ್ (ಸೆನ್ಸರ್ ಮುಂದೆ ತೆರೆದು ಮುಚ್ಚುವ ಪರದೆ) ಬದಲಿಸಿಕೊಡಬೇಕಾಯಿತು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡುವವರು ಎಫ್/16 ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ.

ಲೆನ್ಸ್ ಮುಂದಿನ ಗಾಜಿನ ಧೂಳಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಅದು ಕಾಣುವುದೇ ಅಪರೂಪ. ಹಿಂದಿನ ಗಾಜು ಮಾತ್ರ ಚೊಕ್ಕಟವಾಗಿರಲಿ.

ಸರ್ವೀಸ್ ಸೆಂಟರಿನ ಕೆಲಸದಲ್ಲಿ ದೂರುವಂಥದ್ದಿಲ್ಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಇಳಿದು ಕ್ಯಾಮೆರಾ ಕೊಟ್ಟು ಕಾಯುವುದೇ ಕಷ್ಟ. ರೈಲು, ಊಟ, ಆಟೋ ಎಲ್ಲ ಸೇರಿದರೆ ಒಂದು ಡಬ್ಬಿ ಸ್ವಾಬಿನ ದುಡ್ಡನ್ನೂ ಮೀರುತ್ತದೆ. ವಾಪಸ್ ಬಂದು ಒಂದು ಸಲ ದರೋಜಿಗೆ ಹೋದರೆ ಮತ್ತೆ ಧೂಳು. ಗೀರು ಬಿದ್ದಿದ್ದರೆ, ಧೂಳು ಫಿಲ್ಟರ್ ಗಾಜಿನ ಒಳಗೇ ಸೇರಿದ್ದರೆ ಮಾತ್ರ ಅಲ್ಲಿಗೇ ಹೋಗಬೇಕು.

ನನಗೆ ಬೇಸಿಗೆ ಮುಗಿದ ಮೇಲೊಮ್ಮೆ, ಹಂಪಿ ಉತ್ಸವಕ್ಕೆ ಮೊದಲೊಮ್ಮೆ ಸ್ವಾಬ್ ಹೊಡೆದರೆ ಸಾಕು, ನಡುವೆ ಬ್ಲೋವರ್. 12 ಸ್ವಾಬಿನ ಡಬ್ಬಿ ಬಹಳ ದಿನ ಬರುತ್ತದೆ. ನಿಮ್ಮದು ಬರೀ ಮದುವೆ, ಪೋರ್ಟ್ರೇಟ್ ಆದರೆ ಬ್ಲೋವರ್ ಒಂದೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿದ್ದು ಸ್ವಾಬ್ ಹಿಡಿಯಲು ಕೈ ನಡುಗುವವರು ಕ್ಯಾಮೆರಾ ಕೊಟ್ಟು ಬನ್ನಿ, ನಿಮಗೆ ರೈಲು ಹತ್ತುವ ಕೆಲಸವಿಲ್ಲವಲ್ಲ.