ಮೂಕಿ ತಾರೆಯ ಫೋಟೊ ಪ್ಯಾನೆಲ್: ಮುದ್ರಣ ಛಲೋ, ರಿಪೇರಿ ಬೇಡ

ಸ್ಕ್ಯಾನ್, ರಿಪೇರಿ, ಮುದ್ರಣ, ಫ್ರೇಮು ಎಲ್ಲ ಒಂದೇ ಕಡೆ ಆಗುತ್ತದೆಂದು ಹುಬ್ಬಳ್ಳಿ ದುರ್ಗದಬೈಲ್ ಕಡೆಯ ಈ ಅಂಗಡಿಗೆ ಹಳೇ ಫೋಟೊ ಹಿಡಿದು ಹೋಗುವವರು ಬಹಳ. ಮೂಕಿ ಕಾಲದ ನಟಿ ಸುಲೋಚನಾ ಕುರಿತ 12 ಪ್ಯಾನೆಲ್‌ಗಳು, ಧಾರವಾಡದ ಪ್ರದರ್ಶನಕ್ಕಾಗಿ, ಇಲ್ಲಿಯೇ ತಯಾರಾದವು.

ಸ್ಕ್ಯಾನಿಂಗ್‌ಗೆ ಪೂರ್ತಿ ಅಂಕ. 3.5×5.5 ಇಂಚಿನ ಪೋಸ್ಟ್‌ಕಾರ್ಡನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಎತ್ತಿದರೆ 2100×3300 ಪಿಕ್ಸೆಲ್. 12×18ಕ್ಕೆ ಹಿಗ್ಗಿಸಿದರೂ ಇಂಚಿಗೆ 175 ಪಿಕ್ಸೆಲ್ ಉಳಿಯುತ್ತದೆ, ಗೋಡೆಗೆ ಅಷ್ಟು ಸಾಕು. 1200 ಕೇಳಿದರೆ ಕಾಗದದ ನಾರು ದೊಡ್ಡದಾಗುತ್ತದೆ ಅಷ್ಟೇ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವಾದರೆ ‘ಡಿಸ್ಕ್ರೀನ್’ (ಅಚ್ಚಿನ ಚುಕ್ಕಿ ಅಳಿಸುವ ಆಯ್ಕೆ) ಹಾಕಿ ಎಂದು ನೀವೇ ಹೇಳಬೇಕು, ಇಲ್ಲದಿದ್ದರೆ ಕೆನ್ನೆ ಮೇಲೆ ಚುಕ್ಕಿಗಳ ಅಲೆ ಏಳುತ್ತದೆ.

ಕೆಟ್ಟಿದ್ದು ರಿಪೇರಿಯಲ್ಲಿ. ಎಐ ಆ್ಯಪ್‌ಗೆ ಹಾಕಿ ಒಂದು ಗುಂಡಿ ಒತ್ತುತ್ತಾರೆ. ಫಿಲ್ಮಿನ ಸಣ್ಣ ಕಣ (ಗ್ರೇನ್) ಮಾಯ, ಚರ್ಮ ಮೇಣ, ರೆಪ್ಪೆಗೂದಲು ಹೊಸದು. ಸುಲೋಚನಾ ಹೋಗಿ ಯಾರೋ ಧಾರಾವಾಹಿ ನಟಿ ಬಂದು ಕೂತಿರುತ್ತಾಳೆ. ತುಟಿ ಕಪ್ಪಗಿದೆ ಎಂದು ‘ಸರಿ’ ಮಾಡಿ ತಿಳಿಗೆಂಪು ಬಳಿದಿದ್ದರು. ಅದು ಕಲೆಯಲ್ಲ ಸ್ವಾಮಿ! ಆಗಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕೆಂಪು ತುಟಿ ಕಪ್ಪಾಗಿಯೇ ಬೀಳುತ್ತಿತ್ತು. ಧೂಳು, ಗೀರು, ಮಡಿಕೆ ಮಾತ್ರ ಕೈಯಿಂದ ತೆಗೆಯಿರಿ, ಮುಖ ಮುಟ್ಟಬೇಡಿ ಎಂದು ಆರ್ಡರ್ ಚೀಟಿಯಲ್ಲೇ ಬರೆಸಿ.

ಇನ್ನು ಅಡಿಬರಹ. ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತು ಜಿಗಿದು ‘ಅನಾರ್ಕಲಿ’ ಹೋಗಿ ‘ಅನಾಕರ್ಲಿ’ ಆಗಿತ್ತು. ಈಕೆಗೆ ಆ ಸಿನಿಮಾ ಹೆಸರು ಮೂರು ಸಲ ಬೇಕು: 1928ರ ಮೂಕಿ ಚಿತ್ರದಲ್ಲೂ 1935ರ ಟಾಕಿಯಲ್ಲೂ ಅನಾರ್ಕಲಿ ಇವಳೇ, 1953ರದರಲ್ಲಿ ಸಲೀಮನ ತಾಯಿ ಜೋಧಾಬಾಯಿ. ಅಕ್ಷರಗಳನ್ನು ಕರ್ವ್ ಮಾಡಿದ (ಫಾಂಟ್ ಬೇಡದ ಗೆರೆಚಿತ್ರವಾಗಿಸಿದ) ಪಿಡಿಎಫ್ ಒಯ್ದರೆ ಈ ಕಾಟವಿಲ್ಲ.

ಫೋಟೊವನ್ನೂ ಅಂಗಡಿಯವರಿಗೆ ಹುಡುಕಲು ಬಿಡಬೇಡಿ. ಒಂದು ಪ್ಯಾನೆಲ್‌ಗೆ ಮರಾಠಿ ನಟಿ ಸುಲೋಚನಾ ಲಾಟ್ಕರ್ ಫೋಟೊ ಅಂಟಿಸಿದ್ದರು. ನಮ್ಮ ಸುಲೋಚನಾಳ ನಿಜ ಹೆಸರು ರೂಬಿ ಮೈಯರ್ಸ್, 1907ರಲ್ಲಿ ಪುಣೆಯಲ್ಲಿ ಹುಟ್ಟಿದ ಬಾಗ್ದಾದಿ ಯೆಹೂದಿ ಮನೆತನದ ಹುಡುಗಿ, ಟೆಲಿಫೋನ್ ಆಪರೇಟರ್ ಆಗಿದ್ದವಳು. ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಎಂಟು ವೇಷ ಹಾಕಿದಳು. ಟಾಕಿ ಬಂದಾಗ ಹಿಂದೂಸ್ತಾನಿ ಬಾರದೆ ಹಿಂದೆ ಸರಿದು, ಭಾಷೆ ಕಲಿತು 1932ರ ‘ಮಾಧುರಿ’ಗೆ ಮರಳಿದಳು. 1973ರ ಫಾಲ್ಕೆ ಪ್ರಶಸ್ತಿಯೂ ಇವಳದೇ. ಬಾಂಬೆ ಗವರ್ನರ್‌ಗಿಂತ ಹೆಚ್ಚು ಸಂಬಳ ಎಂಬುದಕ್ಕೆ ‘ಎಂಬ ಮಾತಿತ್ತು’ ಸೇರಿಸಿ. ಅಂಗಡಿಯವರು ಜಾಗ ಸಾಲದೆಂದು ಅದನ್ನೇ ಕತ್ತರಿಸಿದ್ದರು.

ಮ್ಯಾಟ್ ಕಾಗದದ ಮುದ್ರಣ ಚೆಂದ, ಕಪ್ಪು ಕಪ್ಪಾಗಿಯೇ ಬಂದಿದೆ. ಫ್ರೇಮಿನಲ್ಲಿ ಗಾಜಿಗೂ ಫೋಟೊಕ್ಕೂ ನಡುವೆ ಮೌಂಟ್ ಬೋರ್ಡ್ (ಅಂಚಿನ ದಪ್ಪ ರಟ್ಟು) ಹಾಕಿಸಿ, ಅವರಾಗಿ ಹಾಕುವುದಿಲ್ಲ. ಧಾರವಾಡದ ಮಳೆಗಾಲದ ತೇವಕ್ಕೆ ಗಾಜಿಗಂಟಿದ ಫೋಟೊ ಬಿಡಿಸಹೋದರೆ ಬಣ್ಣದ ಪದರವೇ ಕಿತ್ತು ಬರುತ್ತದೆ.