ಗೂಗಲ್ ಕ್ಯಾಲೆಂಡರ್ ಎಪಿಐ ದಾಖಲೆ: ಎಐ ಏಜೆಂಟಿಗೆ ಎಷ್ಟು ಸಾಲುತ್ತದೆ?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ ಕಡೆಯ ಸಭಾಭವನಗಳಲ್ಲಿ ದಿನ ನಿಗದಿಯ ಕೆಲಸ ಇಂದಿಗೂ ಹೆಚ್ಚಾಗಿ ಗೋಡೆಯ ಕ್ಯಾಲೆಂಡರು ಮತ್ತು ಫೋನಿನ ಮೇಲೆಯೇ ನಡೆಯುತ್ತದೆ. ಕನ್ನಡದಲ್ಲಿ ಕೇಳಿದರೆ ದಿನ ಕಾದಿರಿಸಿಕೊಡುವ ಎಐ ಏಜೆಂಟೊಂದನ್ನು ಇಂಥ ಸಭಾಭವನಕ್ಕಾಗಿ ಸಿದ್ಧಪಡಿಸುವಾಗ, ಅದಕ್ಕೆ ಟೂಲ್ ಆಗಿ, ಅಂದರೆ ಅದು ಕೆಲಸಕ್ಕೆ ಬಳಸುವ ಸಾಧನವಾಗಿ, ನಾನು ಆರಿಸಿಕೊಂಡದ್ದು ಗೂಗಲ್ ಕ್ಯಾಲೆಂಡರಿನೊಂದಿಗೆ ಬೇರೆ ತಂತ್ರಾಂಶಗಳು ವ್ಯವಹರಿಸುವ ದಾರಿಯಾದ ಗೂಗಲ್ ಕ್ಯಾಲೆಂಡರ್ ಎಪಿಐಯ ಮೂರನೇ ಆವೃತ್ತಿಯನ್ನು. ಅದನ್ನು ಬಳಸುವ ಬಗೆಯನ್ನು ವಿವರಿಸುವ ದಾಖಲೆ ಪ್ರೋಗ್ರಾಮರುಗಳ ಮಟ್ಟಿಗೆ ಬಹಳ ಒಳ್ಳೆಯದು. ಆದರೆ ಅದನ್ನು ಇದ್ದ ಹಾಗೆಯೇ ಏಜೆಂಟಿಗೆ ದಾಟಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಯಾವ ಟೂಲನ್ನು ಯಾವಾಗ ಬಳಸಬೇಕೆಂದು ಏಜೆಂಟು ತೀರ್ಮಾನಿಸುವುದು ಆ ಟೂಲಿಗೆ ನಾವು ಬರೆದ ವಿವರಣೆಯನ್ನು ನಂಬಿಯೇ.

ಮೆಚ್ಚಬೇಕಾದದ್ದನ್ನು ಮೊದಲು ಹೇಳುತ್ತೇನೆ. ಕಾರ್ಯಕ್ರಮಗಳ ಪಟ್ಟಿ ಕೇಳುವಾಗ, ಯಾವ ಹೊತ್ತಿನಿಂದ ಈಚಿನವು ಬೇಕೆಂದು ಹೇಳಲು ಕೊಡುವ ‘ಟೈಮ್‌ಮಿನ್’ ಎಂಬ ಮಿತಿಯನ್ನು ಕಾರ್ಯಕ್ರಮ ಆರಂಭವಾಗುವ ಹೊತ್ತಿಗೆ ಅಲ್ಲ, ಮುಗಿಯುವ ಹೊತ್ತಿಗೆ ಹೋಲಿಸಲಾಗುತ್ತದೆ ಎಂದು ದಾಖಲೆ ಸ್ಪಷ್ಟವಾಗಿ ತಿಳಿಸುತ್ತದೆ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗ್ಗೆ ಆರಕ್ಕೆ ಮುಗಿಯುವ ಯಕ್ಷಗಾನದ ಆಟ ಎರಡು ತಾರೀಕುಗಳನ್ನು ಹಿಡಿಯುವುದರಿಂದ, ಮರುದಿನ ನಸುಕಿನಲ್ಲಿ ಭವನ ಖಾಲಿ ಇದೆಯೇ ಎಂದು ಕೇಳಿದರೂ ಆ ಆಟ ಪಟ್ಟಿಯಲ್ಲಿ ಬರಲೇಬೇಕು, ಮತ್ತು ಬರುತ್ತದೆ. ಭವನ ಬಿಡುವಾಗಿದೆಯೇ ಎಂದಷ್ಟೇ ತಿಳಿಯಬೇಕಾದಲ್ಲಿ ‘ಫ್ರೀಬಿಸಿ’ ಸಾಕು. ಅದು ಯಾವ ಮನೆಯ ಮದುವೆ ಎಂಬ ವಿವರ ಕೊಡದೆ, ತುಂಬಿದ ಅವಧಿಗಳನ್ನು ಮಾತ್ರ ತೋರಿಸುತ್ತದೆ.

ತಿದ್ದುಪಡಿಯ ವಿಷಯಕ್ಕೆ ಬಂದಾಗ ಮಾತ್ರ ಬಹಳ ಎಚ್ಚರ ಬೇಕು. ‘ಪ್ಯಾಚ್’ ವಿಧಾನದಲ್ಲಿ ಕಳಿಸಿದ ಅಂಶಗಳಷ್ಟೇ ಬದಲಾಗುತ್ತವೆ, ಆದರೆ ಅದು ಪಟ್ಟಿಯ ರೂಪದ ಅಂಶವಾಗಿದ್ದರೆ ಹಳೆಯ ಪಟ್ಟಿ ಪೂರ್ತಿಯಾಗಿ ಅಳಿದು ಹೊಸದು ಕೂರುತ್ತದೆ. ತಾಳಮದ್ದಳೆಯೊಂದಕ್ಕೆ ಭಾಗವತರು, ಮದ್ದಳೆಗಾರರು ಮತ್ತು ನಾಲ್ವರು ಅರ್ಥಧಾರಿಗಳ ಹೆಸರು ಈಗಾಗಲೇ ಇದೆ ಎಂದುಕೊಳ್ಳಿ. ಇನ್ನೊಬ್ಬರನ್ನು ಸೇರಿಸು ಎಂದಾಗ ಏಜೆಂಟು ಆ ಒಂದೇ ಹೆಸರನ್ನು ಕಳಿಸಿದರೆ ಉಳಿದ ಆರು ಮಂದಿಯೂ ಪಟ್ಟಿಯಿಂದ ಹೋಗುತ್ತಾರೆ. ದಾಖಲೆಯಲ್ಲಿ ಈ ಮಾತು ಇದೆ ನಿಜ, ಆದರೆ ಅದು ಟೂಲಿನ ವಿವರಣೆಯ ಮೊದಲ ಸಾಲಿಗೇ ಬರಬೇಕು. ‘ಸೆಂಡ್‌ಅಪ್‌ಡೇಟ್ಸ್’ ವಿಷಯವೂ ಹಾಗೆಯೇ. ಬದಲಾವಣೆಯ ಸೂಚನೆ ಯಾರಿಗೆ ಹೋಗಬೇಕೆಂದು ಹೇಳುವ ಈ ಆಯ್ಕೆಯ ಮೌಲ್ಯ ‘ಆಲ್’ ಆಗಿದ್ದರೆ ಆಹ್ವಾನಿತರೆಲ್ಲರಿಗೂ ಸೂಚನೆ ಹೋಗುತ್ತದೆ, ಹೋದದ್ದನ್ನು ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಬಳಕೆದಾರರನ್ನು ಕೇಳಿ ಖಚಿತಪಡಿಸಿಕೊಳ್ಳದೆ ಹಾಗೆ ಮಾಡಬಾರದೆಂದು ಬರೆದಿಡುವುದು ನಮ್ಮ ಕರ್ತವ್ಯ.

ಇಡೀ ದಿನದ ಕಾರ್ಯಕ್ರಮಗಳಲ್ಲಿ ಮುಕ್ತಾಯದ ತಾರೀಕು ಲೆಕ್ಕಕ್ಕೆ ಸೇರುವುದಿಲ್ಲ. ಮೇ 10ರಿಂದ 12ರ ತನಕದ ಬ್ರಹ್ಮಕಲಶೋತ್ಸವಕ್ಕೆ ಕೊನೆಯ ತಾರೀಕು 13 ಎಂದು ಕೊಡಬೇಕು. ಇಂಥದ್ದನ್ನು ನಿಯಮವಾಗಿ ಹೇಳುವುದಕ್ಕಿಂತ ಒಂದು ಉದಾಹರಣೆಯಾಗಿ ಬರೆದರೆ ಏಜೆಂಟು ಹೆಚ್ಚು ಸರಿಯಾಗಿ ಅನುಸರಿಸುತ್ತದೆ. ‘ನಾಡಿದ್ದು ಸಂಜೆ’ ಎಂದು ಕೇಳುವವರಿರುವುದರಿಂದ ಇಂದಿನ ತಾರೀಕನ್ನೂ ‘ಏಷ್ಯಾ/ಕೋಲ್ಕತಾ’ ಎಂಬ ಸಮಯವಲಯವನ್ನೂ ಏಜೆಂಟಿಗೆ ಮೊದಲೇ ತಿಳಿಸಿರಬೇಕು.

ಸಂಪರ್ಕ ಕಡಿದು ಏಜೆಂಟು ಅದೇ ಕೋರಿಕೆಯನ್ನು ಮತ್ತೆ ಕಳಿಸುವ ಸಂದರ್ಭಕ್ಕೆ, ಕಾರ್ಯಕ್ರಮದ ಐಡಿಯನ್ನು (ಗುರುತನ್ನು) ನಾವೇ ಕೊಡುವ ಅವಕಾಶ ಇಲ್ಲಿದೆ. ಅದೇ ಐಡಿ ಮತ್ತೆ ಬಂದರೆ ಎರಡನೇ ಬುಕಿಂಗ್ ಆಗದೆ 409 ಎಂಬ ದೋಷಸಂಖ್ಯೆ ಬರುತ್ತದೆ. ಆದರೆ ಎಲ್ಲ ಸಂದರ್ಭಗಳಲ್ಲೂ ಇದು ಆ ಕ್ಷಣದಲ್ಲೇ ಪತ್ತೆಯಾಗುತ್ತದೆಂಬ ಭರವಸೆ ಇಲ್ಲವೆಂದೂ ದಾಖಲೆ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ.

ನಮ್ಮ ಊರಿಗೆ ಕೊರತೆ ಕಾಣುವುದು ಮರುಕಳಿಸುವ ಕಾರ್ಯಕ್ರಮಗಳಲ್ಲಿ. ಕ್ಯಾಲೆಂಡರ್ ಮಾಹಿತಿಯ ಅಂತರಜಾಲ ಮಾನದಂಡವಾದ 2009ರ ಆರ್‌ಎಫ್‌ಸಿ 5545ರ ಪ್ರಕಾರದ ಮರುಕಳಿಕೆಯ ನಿಯಮ ‘ಆರ್‌ರೂಲ್’ ಪ್ರತಿ ತಿಂಗಳ ಎರಡನೇ ಶನಿವಾರವನ್ನು ಸುಲಭವಾಗಿ ಹೇಳಬಲ್ಲದು, ಪ್ರತಿ ಸಂಕ್ರಮಣವನ್ನು ಹೇಳಲಾರದು. ಭಜನಾ ಮಂದಿರಗಳ ಸಂಕ್ರಮಣ ಪೂಜೆಯಾಗಲಿ, ವೃಷಭ ಮಾಸದ ಹತ್ತರಂದು ಬರುವ ತುಳುನಾಡಿನ ಆಚರಣೆಯಾದ ಪತ್ತನಾಜೆಯಾಗಲಿ ಸೌರಮಾನದ ಲೆಕ್ಕದವು. ಇವುಗಳಿಗೆ ಪಂಚಾಂಗ ನೋಡಿ ತಾರೀಕುಗಳನ್ನು ಒಂದೊಂದಾಗಿ, ಬಿಡಿ ತಾರೀಕುಗಳನ್ನು ನಮೂದಿಸುವ ‘ಆರ್‌ಡೇಟ್’ ಮೂಲಕ ಕೊಡಬೇಕಾಗುತ್ತದೆ. ಹಾಗಾಗಿ ಸಂಕ್ರಮಣದ ತಾರೀಕನ್ನು ಏಜೆಂಟು ಊಹಿಸಬಾರದು, ಭವನದವರು ಕೊಟ್ಟ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು ಎಂಬ ಸಾಲನ್ನು ನಾನು ವಿವರಣೆಗೆ ಸೇರಿಸಿದ್ದೇನೆ.